ಫಕೀರಣ್ಣನ ಎಡಗಡೆ

ನಾನು ಫಕೀರಣ್ಣನನ್ನು ಮೊದಲ ಸಲ ನೋಡಿದಾಗ ಅವನು ತಲೆಗೆ ಕಲ್ಲು ಕಟ್ಟಿಕೊಂಡು ಮಲಗಿದ್ದ. ರೋಣದ ಹಳೆಯ ಅರಳೆ ಗೋದಾಮಿನ ಮುಂದಿನ ಕಟ್ಟೆಯ ಮೇಲೆ ಅಂಗಾತ ಬಿದ್ದು, ಕುತ್ತಿಗೆಯನ್ನು ಕಟ್ಟೆಯ ಅಂಚಿನಿಂದ ಆಚೆಗೆ ಚಾಚಿದ್ದ. ತಲೆಗೆ ಹೆಲ್ಮೆಟ್, ಹೆಲ್ಮೆಟ್ಟಿಗೆ ಹಗ್ಗ, ಹಗ್ಗದ ತುದಿಗೆ ಕಿರಾಣಿ ಅಂಗಡಿಯ ಐದು ಕಿಲೋದ ತೂಕದ ಕಲ್ಲು. ಆ ಭಾರ ಹೊತ್ತುಕೊಂಡೇ ತಲೆಯನ್ನು ನಿಧಾನವಾಗಿ ಎತ್ತುತ್ತಿದ್ದ, ಇಳಿಸುತ್ತಿದ್ದ. ಕುತ್ತಿಗೆಯ ನರಗಳು ಹಗ್ಗಕ್ಕಿಂತ ದಪ್ಪಗೆ ಉಬ್ಬಿದ್ದವು.

ನಾನು ಅಸೂಟಿಯ ಸರಕಾರಿ ಶಾಲೆಯ ಮಾಸ್ತರ. ನನ್ನ ಶಾಲೆಯ ರೇಣುಕಾ ಎಂಬ ಹುಡುಗಿಯನ್ನು ಅವನ ಕರಾಟೆ ಕ್ಲಾಸಿಗೆ ಸೇರಿಸಲು ಹೋಗಿದ್ದೆ. ಇದೇನು ಅವಸ್ಥೆ ಎಂದು ಕೇಳಿದ್ದಕ್ಕೆ ಮಲಗಿದಲ್ಲಿಂದಲೇ ಉತ್ತರ ಬಂತು.

"ತಿರುವಿನ್ಯಾಗ ಮೈ ಒಂದ ಕಡೆ ಹೋಗತೈತಿ, ತಲಿ ಒಂದ ಕಡೆ ಹೋಗತೈತಿ. ಎರಡೂ ಕೂಡೇ ಇರಬೇಕಂದ್ರ ಕುತಿಗಿ ಗಟ್ಟಿ ಇರಬೇಕಲ್ರಿ."

ಆಗಲೇ ನನಗೆ ತಿಳಿದದ್ದು, ಈ ಮನುಷ್ಯ ಕಾರಿನ ರ್‍ಯಾಲಿಗಳಲ್ಲಿ ಗಾಡಿ ಓಡಿಸುತ್ತಾನೆ ಎಂದು. ವಾರವೆಲ್ಲ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಂಪನಿಯೊಂದರಲ್ಲಿ ಜೀಪಿನ ಚಾಲಕ. ಎಂಜಿನಿಯರುಗಳನ್ನು ಕೂಡಿಸಿಕೊಂಡು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಗರಸುಕಲ್ಲಿನ ಕಚ್ಚಾ ರಸ್ತೆಯಲ್ಲಿ ತಿರುಗುವುದು ಅವನ ಕೆಲಸ. ಆ ರಸ್ತೆಯೇ ಅವನಿಗೆ ಓಡಿಸುವುದನ್ನು ಕಲಿಸಿತು. ಕರಾಟೆ ಕಲಿತದ್ದು ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ. ಎರಡೂ ಬೇರೆ ಬೇರೆ ವಿದ್ಯೆ ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. ಅಂಕಣಕ್ಕೆ ಇಳಿಯುವ ಮುಂಚೆ ಹುಡುಗರು ಬಗ್ಗಿ ನಮಸ್ಕರಿಸುವಂತೆ ಅವನು ಕಾರಿನ ಬಾಗಿಲ ಮುಂದೆ ನಿಂತು ಬಗ್ಗುತ್ತಿದ್ದ. ಆಮೇಲೆಯೇ ಒಳಗೆ ಕೂಡುತ್ತಿದ್ದ.

ಊರಲ್ಲಿ ಮಾತ್ರ ಅವನ ಜೀಪನ್ನು ಎತ್ತಿನ ಚಕ್ಕಡಿಗಳೂ ಹಿಂದೆ ಹಾಕುತ್ತಿದ್ದವು. ರೋಣದ ಬಜಾರದಲ್ಲಿ ಹಾರ್ನ್ ಹೊಡೆಯದೆ, ಮುಂದಿನ ಮುದುಕಿ ದಾಟುವವರೆಗೆ ಕಾಯುತ್ತ ಕೂಡುತ್ತಿದ್ದ. ಕಟ್ಟೆಯ ಮೇಲಿನವರು "ರೇಸಿನ ಡ್ರೈವರ್ ಬಂದ ನೋಡ್ರೋ, ದಾರಿ ಬಿಡ್ರಿ!" ಎಂದು ಕೂಗಿ ನಗುತ್ತಿದ್ದರು. ಅವನೂ ಕೈ ಎತ್ತಿ ನಗುತ್ತಿದ್ದ. "ಸಿಟ್ಟಿಗೆದ್ದಂವ ಬ್ರೇಕ್ ತಡಾ ಒತ್ತತಾನ" ಎಂದು ಹುಡುಗರಿಗೆ ಪದೇ ಪದೇ ಹೇಳುತ್ತಿದ್ದ. ಕರಾಟೆಯ ಹೊಡೆತಕ್ಕೂ ಇದೇ ಮಾತು, ಗಾಡಿಗೂ ಇದೇ ಮಾತು.

ಅವನ ಪಕ್ಕದ ಸೀಟಿನಲ್ಲಿ ಕೂಡುತ್ತಿದ್ದವನು ಮದುವೆಯಾಗಿ ಊರು ಬಿಟ್ಟಾಗ ಆ ಜಾಗಕ್ಕೆ ನನ್ನನ್ನು ಕರೆದ. ರ್‍ಯಾಲಿಯಲ್ಲಿ ಓಡಿಸುವವನು ಬಲಗಡೆ, ದಾರಿ ಓದಿ ಹೇಳುವವನು ಎಡಗಡೆ. ಮೊದಲೇ ದಾರಿ ನೋಡಿ ಬರೆದುಕೊಂಡ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು "ಎಡ ನಾಕು, ದಿಬ್ಬ, ನೂರು, ಬಲ ಎರಡು" ಎಂದು ಒಂದೇ ಸಮನೆ ಒದರುವುದು ನನ್ನ ಕೆಲಸ. ಎಡ, ಬಲದ ಮುಂದಿನ ಅಂಕಿ ತಿರುವು ಎಷ್ಟು ಬಿಗಿ ಎಂಬುದಕ್ಕೆ, ನೂರು ಎಂದರೆ ಮುಂದಿನ ತಿರುವಿಗೆ ಉಳಿದ ಮೀಟರು. ನನಗ್ಯಾಕೆ ಈ ಉಸಾಬರಿ ಎಂದೆ.

"ಮಾಸ್ತರ, ನಿನ್ನ ದನಿ ಚಲೋ ಐತಿ. ಪಾಠಾ ಹೇಳಿದಂಗ ಓದು, ಸಾಕು" ಎಂದ.

ಸಾಕಾಗಲಿಲ್ಲ. ಮೊದಲ ದಿನವೇ ನಾನು ಓದುತ್ತ ಓದುತ್ತ ಉಸಿರು ಕಟ್ಟಿ ಸುಮ್ಮನಾದೆ. ಅವನು ಗಾಡಿ ನಿಲ್ಲಿಸಿದ. "ಅಂಜಿದಾಗ ಉಸಿರ ಹಿಡೀತಿ. ನಾಳೆಯಿಂದ ಹುಡುಗರ ಕೂಡ ಕ್ಲಾಸಿಗೆ ಬಾ." ಮೂವತ್ತೆಂಟರ ವಯಸ್ಸಿನಲ್ಲಿ ಬಿಳಿ ಬೆಲ್ಟ್ ಕಟ್ಟಿಕೊಂಡು ನನ್ನ ವಿದ್ಯಾರ್ಥಿನಿಯ ಹಿಂದೆ ಸಾಲಿನಲ್ಲಿ ನಿಂತೆ. ಆರು ತಿಂಗಳು ಅವನು ನನಗೆ ಕಲಿಸಿದ್ದು ಉಸಿರು ಬಿಡುವುದನ್ನು.

ಅದರ ಬೆಲೆ ಗೊತ್ತಾದದ್ದು ಘಟ್ಟದ ಕಡೆಯ ಒಂದು ರ್‍ಯಾಲಿಯಲ್ಲಿ. ಕೆಸರಿನ ತಿರುವಿನಲ್ಲಿ ನಮ್ಮ ರ್‍ಯಾಲಿಯ ಗಾಡಿ ಜಿಪ್ಸಿ ಜಾರಿ, ಎರಡು ಸಲ ಹೊರಳಿ, ತಲೆಕೆಳಗಾಗಿ ನಿಂತಿತು. ಇಬ್ಬರೂ ಬೆಲ್ಟಿನಲ್ಲಿ ಜೋತಾಡುತ್ತಿದ್ದೆವು. ಪೆಟ್ರೋಲಿನ ವಾಸನೆ ಬರುತ್ತಿತ್ತು. ನಾನು ಚೀರಬೇಕೆಂದಿದ್ದಾಗ ಪಕ್ಕದಿಂದ ಅವನ ದನಿ ಬಂತು, ಕ್ಲಾಸಿನಲ್ಲಿ ಬರುವಂಥದೇ ದನಿ: "ಬಿಡು ಉಸಿರು. ಪೂರಾ ಬಿಡು. ಈಗ ಬಲಗೈ ತಲಿ ಕಡೆ ಛತ್ತಿಗೆ ಊರು. ಈಗ ಬೆಲ್ಟ್ ಬಿಚ್ಚು." ಹಾಗೆಯೇ ಹೊರಗೆ ಬಂದೆವು. ಅವನ ಮಾತು ಕೇಳಿ ಬದುಕಿದೆ ಎಂಬ ಭಾವನೆ ನನ್ನಲ್ಲಿ ಅವತ್ತು ಬೇರೂರಿತು. ಆಮೇಲೆ ಆದದ್ದಕ್ಕೆ ಅದೂ ಒಂದು ಕಾರಣ.

ಒಂದು ಸಂಜೆ ಕ್ಲಾಸಿನಲ್ಲಿ ರೇಣುಕಾ ಎಡಗಡೆಯಿಂದ ಬೀಸಿದ ಕಾಲು ಫಕೀರಣ್ಣನ ಕಿವಿಗೆ ಬಡಿಯಿತು. ಅಲ್ಲಿಯವರೆಗೆ ಅವನ ಮೈಗೆ ಒಂದೇ ಒಂದು ಏಟು ತಾಗಿದ್ದನ್ನು ಯಾರೂ ನೋಡಿರಲಿಲ್ಲ. ಹುಡುಗರು ದಂಗಾಗಿ ನಿಂತರು. ಅವನು ಕಿವಿ ಉಜ್ಜಿಕೊಂಡು "ಭೇಷ್! ಹಿಂಗ ಹೊಡೀಬೇಕು" ಎಂದು ಅವಳ ಬೆನ್ನು ತಟ್ಟಿದ. ಕ್ಲಾಸು ಮುಗಿದ ಮೇಲೆ ಅವಳು ನನ್ನ ಬಳಿ ಬಂದಳು.

"ಸರ್, ನಾ ಜೋರ್ ಹೊಡದಿಲ್ಲರಿ. ಅವ್ರಿಗೆ ಎಡಗಡೆ ಕಾಣಂಗಿಲ್ಲರಿ."

"ಹುಚ್ಚುಚ್ಚರ ಮಾತಾಡಬ್ಯಾಡ" ಎಂದು ಗದರಿಸಿದೆ.

"ಖರೇನರಿ. ನಾ ಮೂರು ಸಲ ನೋಡೀನಿ. ಎಡಕ್ಕ ಕೈ ಎತ್ತಿ ನಿಂತ್ರೂ ಅವ್ರು ನೋಡಂಗಿಲ್ಲ."

ಹದಿನಾಲ್ಕು ವರ್ಷದ ಆ ಹುಡುಗಿಯ ಮಾತು ಸುಳ್ಳಲ್ಲ ಎಂದು ಗದರಿಸುವಾಗಲೇ ನನಗೆ ಗೊತ್ತಿತ್ತು. ಜೀಪಿನಲ್ಲಿ ನಾನು ಚಾಚಿದ ನೀರಿನ ಬಾಟಲಿಗೆ ಅವನು ತಡಕಾಡುವುದನ್ನು ನಾನೂ ನೋಡಿದ್ದೆ. ಮರುದಿನ ಅವನನ್ನೇ ಕೇಳಿದೆ. ಅವನು ಮುಚ್ಚಿಡಲಿಲ್ಲ.

"ಕಣ್ಣಾಗ ಒತ್ತಡ ಜಾಸ್ತಿ ಆಗೇತಂತ. ಹುಬ್ಬಳ್ಳಿ ಡಾಕ್ಟರು ಹನಿ ಕೊಟ್ಟಾರ. ಹ್ವಾದ ನೋಟ ತಿರುಗಿ ಬರಂಗಿಲ್ಲ ಅಂದ್ರು."

"ಗಾಡಿ ಹೊಡೀಬ್ಯಾಡ ಅನ್ನಲಿಲ್ಲ?"

"ಅಂದ್ರು." ನನ್ನ ಹೆಗಲ ಮೇಲೆ ಕೈ ಇಟ್ಟ. "ಇದೊಂದ ಸೀಸನ್ ಮಾಸ್ತರ. ಎಡಗಡೆಗೆ ನೀ ಅದಿಯಲ್ಲ."

ಆ ಮಾತಿಗೆ ನಾನು ಉಬ್ಬಿಹೋದೆ ಎಂದು ಹೇಳಲು ಇವತ್ತು ನಾಚಿಕೆಯಾಗುತ್ತದೆ. ಅಂಥವನಿಗೆ ನಾನು ಕಣ್ಣಾಗಿದ್ದೇನೆ ಎಂಬುದೇ ದೊಡ್ಡದಾಗಿ ಕಂಡಿತು. ಬೇಡ ಎನ್ನಲಿಲ್ಲ. ವಹಿ ನೋಡುತ್ತ ತಲೆ ತಗ್ಗಿಸಿ ಕೂಡುವವನು ರಸ್ತೆಯನ್ನು ಹೇಗೆ ನೋಡಬಲ್ಲ ಎಂಬ ಸಾದಾ ವಿಚಾರ ಇಬ್ಬರ ತಲೆಗೂ ಬರಲಿಲ್ಲ. ಅಥವಾ ಬಂದದ್ದನ್ನು ಆಚೆ ನೂಕಿದೆವು.

ಎರಡು ತಿಂಗಳ ನಂತರ ಒಂದು ಭಾನುವಾರ ಬೆಳಿಗ್ಗೆ ಜಿಪ್ಸಿ ತೆಗೆದುಕೊಂಡು ಗಜೇಂದ್ರಗಡದ ಗುಡ್ಡಕ್ಕೆ ಅಭ್ಯಾಸಕ್ಕೆ ಹೋದೆವು. ಭಾನುವಾರ ಕಂಪನಿಯ ಗಾಡಿಗಳು ಓಡಾಡುವುದಿಲ್ಲ. ರಸ್ತೆಯ ಎರಡೂ ತುದಿಗೆ ಹಗ್ಗ ಕಟ್ಟಿದ್ದೆವು. ಆದರೆ ಕುರಿ ಕಾಯುವವರು ರಸ್ತೆ ಹಿಡಿದು ಬರುವುದಿಲ್ಲ, ಗುಡ್ಡದ ಇಳಿಜಾರಿನಿಂದ ಹತ್ತಿ ಬರುತ್ತಾರೆ. ರಾಜೂರಿನ ಯಮನಪ್ಪ ತನ್ನ ಹಿಂಡನ್ನು ಆಚೆ ದಾಟಿಸಿ, ಹಿಂದೆ ಉಳಿದ ಒಂದು ಮರಿಯನ್ನು ಎತ್ತಿಕೊಳ್ಳಲು ತಿರುಗಿ ಬಂದಿದ್ದ. ರಸ್ತೆಯ ಎಡ ಅಂಚಿನಲ್ಲಿ ಬಗ್ಗಿದ್ದ. ನಾನು "ದಿಬ್ಬ, ಐವತ್ತು, ಎಡ ಮೂರು" ಎಂದು ಓದುತ್ತಿದ್ದೆ. ನನ್ನ ಪಕ್ಕದ ಬಾಗಿಲಿಗೆ ಏನೋ ಬಡಿದು ಗಾಡಿ ಅದುರಿತು.

"ಏನದು? ಏನ ತಾಗಿತು?" ಎಂದು ಫಕೀರಣ್ಣ ಕೂಗಿದ. ಅವನಿಗೆ ಏನೂ ಕಂಡಿರಲಿಲ್ಲ.

ಯಮನಪ್ಪನನ್ನು ಹಿಂದಿನ ಭಾಗದಲ್ಲಿ ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಫಕೀರಣ್ಣ ಕುಳಿತ. ಗಾಡಿ ನಡೆಸಿದವನು ನಾನು. ಯಮನಪ್ಪ ದಾರಿಯಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಿದ: "ಕುರಿ ಬಿಟ್ಟ ಬಂದೇನಿ." ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ಫಕೀರಣ್ಣ ಇಳಿಯಲಿಲ್ಲ. ಕಾಂಪೌಂಡರ್ ಬಂದು ಕೈ ಬಿಡಿಸುವವರೆಗೆ ಆ ತಲೆಯನ್ನು ಹಾಗೆಯೇ ಹಿಡಿದುಕೊಂಡಿದ್ದ.

ನಮ್ಮ ಜಿಪ್ಸಿಯ ಮಾಲೀಕ ನರಗುಂದದ ಅಡತಿ ವ್ಯಾಪಾರಿಯ ಮಗ. ಸುದ್ದಿ ತಿಳಿದು ಓಡಿ ಬಂದವನು ನನ್ನನ್ನು ದವಾಖಾನೆಯ ಪಡಸಾಲೆಯ ಮೂಲೆಗೆ ಕರೆದ. "ಕುರಿ ಒಮ್ಮಿಂದೊಮ್ಮೆ ಅಡ್ಡ ಬಂದ್ವು ಅಂತ ಹೇಳ್ರಿ. ನೀವು ಸರಕಾರಿ ಮಾಸ್ತರು, ನಿಮ್ಮ ಮಾತು ನಂಬತಾರ." ನಾನು ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಇದು ಫಕೀರಣ್ಣನ ಕಿವಿಗೆ ಬಿತ್ತು. ಅವನು ಯಾರ ಮುಖವನ್ನೂ ನೋಡದೆ ನಡೆದುಕೊಂಡೇ ಪೊಲೀಸ್ ಠಾಣೆಗೆ ಹೋದ. ನಾನು ಹಿಂದೆ ಓಡಿದೆ.

"ಕುರಿ ಅಡ್ಡ ಬಂದಿಲ್ಲರಿ ಸಾಹೇಬ್ರ. ನನಗ ಎಡಗಡೆ ಕಾಣಂಗಿಲ್ಲ. ಡಾಕ್ಟರು ಹೊಡೀಬ್ಯಾಡ ಅಂದಿದ್ರು. ಗೊತ್ತಿದ್ದೂ ಹೊಡದೇನಿ" ಎಂದು ನಿಂತುಕೊಂಡೇ ಹೇಳಿದ.

ಫೌಜದಾರರು ನನ್ನ ಕಡೆ ಬೆರಳು ತೋರಿಸಿದರು. "ಬಾಜೂಕ ಕುಂತ ಇವ್ರಿಗೆ ಗೊತ್ತಿತ್ತೇನು?"

"ಇಲ್ಲರಿ. ಯಾರಿಗೂ ಹೇಳಿದ್ದಿಲ್ಲ."

ನನ್ನನ್ನು ಕೇಳಿದಾಗ ನಾನೂ ಅದನ್ನೇ ಹೇಳಿದೆ. "ಗೊತ್ತಿದ್ದಿಲ್ಲರಿ." ಹೇಳಿ ಕಾಗದಕ್ಕೆ ಸಹಿ ಮಾಡಿದೆ. ಮುಂದೆ ಕೋರ್ಟಿನಲ್ಲೂ ಅದೇ ಮಾತು. ನನ್ನ ನೌಕರಿ ಉಳಿಯಿತು. ಅವನು ಜೈಲಿಗೆ ಹೋದ. ಗೋದಾಮಿನ ಕ್ಲಾಸು ಮುಚ್ಚಿತು. ರೇಣುಕಾ ಶಾಲೆಯಲ್ಲಿ ಎದುರಾದಾಗ ಎಲ್ಲ ಮಕ್ಕಳಂತೆ ನಮಸ್ಕಾರ ಮಾಡುವುದನ್ನು ಬಿಟ್ಟಳು. ನಾನು ಯಾಕೆ ಎಂದು ಕೇಳಲಿಲ್ಲ.

ಜೈಲಿಗೆ ಎರಡು ಸಲ ಹೋಗಿ ನೋಡಿದೆ. ಹನಿ ಹೊತ್ತಿಗೆ ಸರಿಯಾಗಿ ಬೀಳದೆ ಬಲಗಣ್ಣೂ ಮಂಜಾಗತೊಡಗಿತ್ತು. ಠಾಣೆಯಲ್ಲಿ ಹೇಳಿದ ಸುಳ್ಳಿನ ಮಾತು ನಾನು ಎತ್ತಿದರೆ ಸಾಕು, "ಸಾಲಿ ಹ್ಯಾಂಗ ನಡದೈತಿ?" ಎಂದು ಬೇರೆ ಕಡೆ ತಿರುಗಿಸುತ್ತಿದ್ದ. ಮೂರನೆಯ ಸಲ ಹೋದಾಗ ಭೇಟಿಗೆ ಬರಲಿಲ್ಲ.

ಬಿಡುಗಡೆಯಾದ ಮೇಲೆ ಹೊಳೆಆಲೂರಿನ ತಂಗಿಯ ಮನೆಯಲ್ಲಿದ್ದ. ಒಂದು ದಿನ ಫೋನು ಬಂತು. "ರಾಜೂರಿಗೆ ಹೋಗಬೇಕು. ಒಬ್ಬನ ಹೋಗಾಕ ಆಗಂಗಿಲ್ಲ. ಬರ್ತಿಯೇನು?"

ನಾನು ಹೋದೆ. ಆ ಕುತ್ತಿಗೆ ಸೊರಗಿ ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಇಬ್ಬರೂ ಬಸ್ಸು ಹತ್ತಿದೆವು. ರಾಜೂರಿನಲ್ಲಿ ಯಮನಪ್ಪನ ಮನೆಯ ಮುಂದೆ ಅವನ ಹೆಂಡತಿ ಲಕ್ಕವ್ವ ಉಣ್ಣೆ ಹಿಂಜುತ್ತ ಕುಳಿತಿದ್ದಳು. ಫಕೀರಣ್ಣ ಅಂಗಳದಲ್ಲಿ ನೆಲದ ಮೇಲೆಯೇ ಕುಳಿತ.

"ಅವ್ವಾ, ನಾ ಫಕೀರಪ್ಪ. ನಿಮ್ಮ ಮನಿಯವರಿಗೆ ಗಾಡಿ ಹಾಯಿಸಿದಂವ."

"ಗೊತ್ತೈತಿ. ಕೋರ್ಟಿನ್ಯಾಗ ನೋಡೀನಿ." ಆಕೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ತಾಗಿಸಿ ಕೊಟ್ಟಳು. "ಪೂರಾ ಕಾಣಂಗಿಲ್ಲೇನು ಈಗ?"

"ಬೆಳಕ ಅಷ್ಟ ಗೊತ್ತಾಗತೈತಿ."

ಲಕ್ಕವ್ವ ಮತ್ತೆ ಉಣ್ಣೆಗೆ ಕೈ ಹಾಕಿದಳು. "ನಾ ನಿನ್ನ ಕ್ಷಮಾ ಮಾಡೂದಿಲ್ಲಪ್ಪ. ಆದ್ರ ನೀ ಖರೇ ಹೇಳಿದಿ. ತಪ್ಪು ಒಬ್ಬವಂದು, ಅಂವ ಒಪ್ಪಿಕೊಂಡಾನ, ಮುಗೀತು ಅಂತ ಮನಸಿಗೆ ಹೇಳಿಕೊಂಡು ಇದ್ದೇನಿ."

ಫಕೀರಣ್ಣ ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ.

"ನನಗೂ ಗೊತ್ತಿತ್ತವ್ವಾ" ಎಂದೆ.

"ಏನ ಗೊತ್ತಿತ್ತು?"

"ಇವಗ ಕಾಣಂಗಿಲ್ಲ ಅಂತ. ಎರಡು ತಿಂಗಳ ಮದಲ ಗೊತ್ತಾಗಿತ್ತು. ಕೋರ್ಟಿನ್ಯಾಗ ಸುಳ್ಳ ಹೇಳೀನಿ."

ಫಕೀರಣ್ಣ ನನ್ನ ಮೊಣಕೈ ಹಿಡಿದು ಒತ್ತಿದ. ಆಗಲೇ ತಡವಾಗಿತ್ತು. ಲಕ್ಕವ್ವನ ಕೈ ನಿಂತಿತು. ನನ್ನ ಕಡೆ ತಿರುಗಿದಳು.

"ಎರಡು ತಿಂಗಳು" ಎಂದಳು. "ಇಬ್ಬರಿಗೆ ಗೊತ್ತಿತ್ತು. ಒಬ್ಬವ ಬಾಯಿ ಬಿಟ್ಟಿದ್ರ ಸಾಕಿತ್ತು."

ಆಕೆ ಉಣ್ಣೆಯನ್ನು ಬುಟ್ಟಿಗೆ ತುಂಬಿ ಎದ್ದಳು.

"ಎದ್ದು ಹೋಗ್ರಿ. ನನ್ನ ಮಗ ಕುರಿ ಹೊಡಕೊಂಡು ಬರೂ ಹೊತ್ತಾತು. ಅವನ ಮುಂದ ಇದನ್ನ ಹೇಳಬ್ಯಾಡ್ರಿ."

ರಾಜೂರಿನಿಂದ ಗಜೇಂದ್ರಗಡದ ಬಸ್ ನಿಲ್ದಾಣಕ್ಕೆ ಬಂದು ಇಳಿದೆವು. ನಾನೇ ಕೇಳಿದೆ. "ನಾ ಹೇಳಿದ್ದು ತಪ್ಪಾತೇನು?"

"ನೀ ಠಾಣೆದಾಗ ಹೇಳಿದ್ರ ಚಲೋ ಇತ್ತು" ಎಂದ. "ಅವತ್ತ ನಾನ ಅಡ್ಡ ನಿಂತೆ, ನನ್ನ ತಪ್ಪು. ಆದ್ರ ಇವತ್ತ ನೀ ನಿನ್ನ ಭಾರ ಇಳಿಸಿಕೊಂಡು ಆಕಿ ಮ್ಯಾಲ ಹೊರಿಸಿ ಬಂದಿ. ಒಬ್ಬವನ್ನ ಬೈಕೋತ ಇದ್ಲು. ಇನ್ನ ಆಕಿ ಇಬ್ಬರನ್ನ ಬೈಬೇಕು. ಮಗನ ಮುಂದ ಬಾಯಿ ಮುಚ್ಚಿಕೊಂಡು ಇರಬೇಕು."

ರೋಣದ ಬಸ್ಸು ಬಂತು. ಹೊಳೆಆಲೂರಿನ ತನಕ ನಾನೂ ಬರುತ್ತೇನೆ ಎಂದರೆ ಬೇಡವೆಂದ. ಕೈ ಹಿಡಿದು ಹತ್ತಿಸಿ, ಮುಂದಿನ ಸೀಟಿನಲ್ಲಿ ಕೂಡಿಸಿ, ರೋಣದಲ್ಲಿ ಇಳಿಸಿ ಹೊಳೆಆಲೂರಿನ ಬಸ್ಸು ತೋರಿಸಿರೆಂದು ಕಂಡಕ್ಟರನಿಗೆ ಹೇಳಿದೆ. ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ. ಹೋಗಿ ಬರುತ್ತೇನೆ ಎಂದು ಅವನು ಅನ್ನಲಿಲ್ಲ. ನಾನು ಅಲ್ಲೇ ಇದ್ದೇನೆ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಅವನ ಹೆಸರು ಹಿಡಿದು ಕೂಗಲೂ ಇಲ್ಲ.

ಆ ಮಳೆಗಾಲದಲ್ಲಿ ಅವನ ತಂಗಿ ಫೋನು ಮಾಡಿದಳು. ಎದೆನೋವು ಬಂದು ರೋಣಕ್ಕೆ ಒಯ್ಯುವ ದಾರಿಯಲ್ಲಿ ತೀರಿಕೊಂಡಿದ್ದ, ಮಣ್ಣು ಮಾಡಿ ಮೂರು ದಿನವಾಗಿತ್ತು. ಲಗೂ ಯಾಕೆ ತಿಳಿಸಲಿಲ್ಲವ್ವ ಎಂದು ಕೇಳಿದೆ.

"ಯಾರಿಗೂ ತ್ರಾಸ ಕೊಡಬ್ಯಾಡ ಅಂದಿದ್ದನ್ರಿ" ಎಂದಳು. ಆಮೇಲೆ ಹೇಳಿದಳು, "ಹ್ಯಾಂಗ ಗೊತ್ತಾತೋ, ರಾಜೂರಿಂದ ಒಬ್ಬಾಕಿ ಬಂದಿದ್ಲು. ಮಣ್ಣ ಹಾಕಿದ್ಲು, ಮಾತಾಡಲಾರದ ಹೋದ್ಲು. ನಿಮಗೇನರ ಗುರುತದಾಳೇನ್ರಿ?"