ಅಶ್ವತ್ಥದ ಚೆಂದದ ಬದಿ

ಕಾಂದಿವಲಿಯಲ್ಲಿ ನಾವಿದ್ದ ಚಾಲಿನ ಸಾಲುಮನೆಗಳ ನಲ್ಲಿಯ ಪಕ್ಕ ಒಂದು ಅಶ್ವತ್ಥದ ಗಿಡ ಇತ್ತು. ಯಾರಾದರೂ ಆಗಾಗ ಕಡಿಯುತ್ತಲೇ ಇದ್ದುದರಿಂದ ಮೊಣಕಾಲಿನೆತ್ತರ ದಾಟಿರಲಿಲ್ಲ. ಬುಡ ಮಾತ್ರ ತೋಳಿನಷ್ಟು ದಪ್ಪ. ನನ್ನ ಹೆಂಡತಿ ಉಡುಪಿ ಕಡೆಯಿಂದ ಮದುವೆಯಾಗಿ ಬಂದಂದಿನಿಂದ ಬೆಳಿಗ್ಗೆ ಸ್ನಾನ ಮುಗಿಸಿ, ಬಕೆಟುಗಳ ಸಾಲು ದಾಟಿ ಅದಕ್ಕೆ ಸುತ್ತು ಬರುತ್ತಿದ್ದಳು.

ಚಾಲು ಕೆಡವುತ್ತಾರೆಂದಾಗ ನಾನು ಗಿಡವನ್ನು ಬೇರುಸಹಿತ ಅಗೆದು ದಹಿಸರಿನ ಈ ಬಿಲ್ಡಿಂಗಿಗೆ ತಂದೆ. ಒಂದು ವರ್ಷ ಹಳೇ ಎಣ್ಣೆ ಡಬ್ಬದಲ್ಲಿ ಸುಮ್ಮನೆ ಬಿಟ್ಟೆ. ಚೆನ್ನಾಗಿ ಚಿಗುರಿದ ಮೇಲೆ ಮೊಬೈಲಿನಲ್ಲಿ ನೋಡಿ ಕಲಿತು ಬೊನ್ಸಾಯ್ ಮಾಡಲು ಕೂತೆ. ಬೇಡದ ಕೊಂಬೆ ಕತ್ತರಿಸಿದೆ, ಉಳಿದವಕ್ಕೆ ತಂತಿ ಸುತ್ತಿ ಬಗ್ಗಿಸಿದೆ, ಅಗಲದ ಕುಂಡದಲ್ಲಿ ಕೂರಿಸಿ ಕಿಟಕಿಯಿಂದ ಹೊರಚಾಚಿದ ಗ್ರಿಲ್ಲಿನಲ್ಲಿಟ್ಟೆ. ಬೊನ್ಸಾಯ್‌ಗೆ ಒಂದು ಎದುರು ಬದಿ ಎಂದು ಇರುತ್ತದೆ. ಆ ಬದಿಗೆ ಬಾಗಿದ್ದ ಕೊಂಬೆಯೇ ಎಲ್ಲಕ್ಕಿಂತ ಚೆಂದ. ಅದನ್ನು ಹಾಲಿನ ಸೋಫಾದ ಕಡೆಗೆ ತಿರುಗಿಸಿದೆ. ಅಂಧೇರಿಯ ಹೋಟೆಲಿನ ಗಲ್ಲಾದಲ್ಲಿ ಕೂತೇ ಮುದುಕನಾದವನು ನಾನು. ಶೋಕೇಸಿನಲ್ಲಿ ಲಾಡಿನ ಗೋಡಂಬಿ ಇರುವ ಬದಿ ಗಿರಾಕಿಗೇ ಕಾಣಬೇಕು, ಅದು ನಮ್ಮ ಪಾಠ.

ಗ್ರಿಲ್ಲಿನಲ್ಲಿಟ್ಟ ಮರಕ್ಕೆ ಸುತ್ತು ಬರುವುದು ಹೇಗೆ? ಹೆಂಡತಿ ಒಂದು ಉಪಾಯ ಮಾಡಿದಳು. ತಾನು ನಿಂತಲ್ಲೇ ನಿಂತು ಕುಂಡವನ್ನೇ ಮೆಲ್ಲಗೆ ತಿರುಗಿಸುತ್ತಿದ್ದಳು. ಎಲ್ಲಿ ನಿಂತಿತೋ ಅಲ್ಲಿಗೆ ಬಿಡುತ್ತಿದ್ದಳು. ನನಗೆ ದಿನವೂ ಬೇರೆ ಬದಿ ಕಾಣುತ್ತಿತ್ತು.

"ಎಂತ ಮಾರಾಯ್ತಿ, ಇದು ಬೀಸುವ ಕಲ್ಲಾ?" ಎಂದೆ.

"ದೇವರಿಗೆ ಎದುರು ಹಿಂದೆ ಉಂಟಾ? ನಿಮ್ಮ ಗಲ್ಲಾದ ಬುದ್ಧಿ ಬಿಡಿ."

ನಾನು ಬಿಡಲಿಲ್ಲ. ಉಳಿದ ತಂತಿಯಿಂದ ಕುಂಡವನ್ನು ಗ್ರಿಲ್ಲಿಗೆ ಬಿಗಿದೆ. ಮರುದಿನ ಅವಳು ಎರಡು ಸಲ ತಿರುಗಿಸಲು ನೋಡಿದಳು, ತಂತಿ ಕಂಡಳು, ನೀರು ಹಾಕಿ ಕೈ ಮುಗಿದು ಒಳಗೆ ಹೋದಳು. ಜಗಳವಾಡಿದ್ದರೆ ಒಳ್ಳೆಯದಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಆ ಚೆಂದದ ಕೊಂಬೆ ಹಳದಿಯಾಗಿ ಎಲೆ ಉದುರಿಸಿತು. "ನೀನು ನೀರು ಹೆಚ್ಚು ಹಾಕಿದ್ದಕ್ಕೇ" ಎಂದುಬಿಟ್ಟೆ. ಅವಳು ನೀರು ಹಾಕುವುದನ್ನೂ ನಿಲ್ಲಿಸಿದಳು. ಆಮೇಲೆ ನಾನೇ ಹಾಕುತ್ತಿದ್ದೆ. ಕೈ ಮುಗಿಯುತ್ತಿದ್ದಳು, ಅಷ್ಟೇ, ಅದೂ ದೂರದಿಂದ.

ಒಂದು ದಿನ ಕೆಳಗೆ ಬಿಲ್ಡಿಂಗಿನ ಅಂಗಳದಿಂದ ತಲೆಯೆತ್ತಿ ನಮ್ಮ ಕಿಟಕಿ ನೋಡಿದೆ. ಬಿಸಿಲಿನ ಕಡೆ ಮರದ ತುಂಬ ಎಲೆ. ನಾನು ಒಳಗಿಂದ ನೋಡುವ ಸೋಫಾದ ಕಡೆಗೆ ಮಾತ್ರ ಬೋಳು. ನೀರಿನ ತಪ್ಪಲ್ಲ. ಅವಳು ತಿರುಗಿಸುತ್ತಿದ್ದಾಗ ಎಲ್ಲ ಬದಿಗೂ ಬಿಸಿಲು ಸಿಗುತ್ತಿತ್ತು. ಕುಂಡವನ್ನು ನಾನೇ ಕಟ್ಟಿಹಾಕಿದ್ದೆ.

ಮೇಲೆ ಬಂದು ತಂತಿ ಕತ್ತರಿಸಿದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನೀರಿನದ್ದು ನಾನು ಸುಮ್ಮನೆ ಹೇಳಿದ್ದು" ಎಂದೆ.

"ಗೊತ್ತುಂಟು."

"ಮತ್ತೆ ಯಾಕೆ ನೀರು ಹಾಕುವುದು ಬಿಟ್ಟೆ?"

"ನೀವು ಹೇಳಿದ ಮೇಲೆ ಕೈ ಹೋಗಲಿಲ್ಲ."

ಆ ಮಾತು ಇನ್ನೂ ನನ್ನ ಎದೆಯಲ್ಲಿದೆ. ಅವಳು ಕೂಡಲೇ ಕುಂಡ ಮುಟ್ಟಲಿಲ್ಲ. ಕೆಲವು ದಿನ ನಾನೇ ತಿರುಗಿಸಿದೆ, ಅವಳು ಪಕ್ಕದಲ್ಲಿ ಕೈ ಮುಗಿದು ನಿಂತಳು. ಒಂದು ಬೆಳಿಗ್ಗೆ, "ಹಾಗೆ ಎಳೆದಾಡಬೇಡಿ, ಬೇರು ಅಲುಗುತ್ತದೆ" ಎಂದು ನನ್ನ ಕೈ ಸರಿಸಿದಳು.

ಒಣಗಿದ ಕೊಂಬೆಯ ಬುಡದಲ್ಲಿ ಈಗ ಒಂದು ಕೆಂಪು ಚಿಗುರು ಬಂದಿದೆ. ಅದನ್ನು ನೋಡುತ್ತಾ ಚಹಾ ಕುಡಿಯಬೇಕೆಂದು ಸೋಫಾದಲ್ಲಿ ಕೂರುತ್ತೇನೆ. ಅಷ್ಟರಲ್ಲಿ ಅವಳು ಅದನ್ನು ಬಿಸಿಲಿಗೆ ತಿರುಗಿಸಿರುತ್ತಾಳೆ. ನಾನು ಈ ಕಡೆ ಬಂದ ಬದಿಯನ್ನೇ ನೋಡುತ್ತಾ ಚಹಾ ಮುಗಿಸುತ್ತೇನೆ.