ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಅರೆಕೆರೆಗೆ

ಬೆಳಗ್ಗೆ ಎಂಟೂಕಾಲಿಗೆ ವಸಂತಪುರದ ಮನೆಯಿಂದ ಹೊರಟೆವು. ಅರೆಕೆರೆಯ ಆಸ್ಪತ್ರೆಗೆ ಒಂಬತ್ತು ಕಿಲೋಮೀಟರ್. ಜನ ಕಾಶಿಗೆ ಹೋಗಿಬಂದು ಪ್ರವಾಸ ಕಥನ ಬರೆಯುತ್ತಾರೆ. ನನಗೆ ಈ ಒಂಬತ್ತು ಕಿಲೋಮೀಟರೇ ಕಾಶಿ. ಐವತ್ತಾರನೇ ವಯಸ್ಸಿನಲ್ಲಿ ಲೈಸೆನ್ಸ್ ಪಡೆದು ಎರಡು ತಿಂಗಳಾಗಿತ್ತು. ಕತ್ರಿಗುಪ್ಪೆಯ ತಂಗಿಯ ಮನೆ ಬಿಟ್ಟರೆ ಬೇರೆಲ್ಲಿಗೂ ಕಾರು ಒಯ್ದಿರಲಿಲ್ಲ.

ಹಿಂದಿನ ಸೀಟಿನಲ್ಲಿ ನಮ್ಮ ಯಜಮಾನರು ಬಲಗಾಲನ್ನು ಎರಡು ದಿಂಬುಗಳ ಮೇಲೆ ನೀಡಿಕೊಂಡು ಅಡ್ಡಲಾಗಿ ಕೂತಿದ್ದರು. ಬಚ್ಚಲಲ್ಲಿ ಜಾರಿ ಮಂಡಿಚಿಪ್ಪು ಒಡೆದುಕೊಂಡು ಆಪರೇಷನ್ ಆಗಿತ್ತು. ಅಂದು ಹೊಲಿಗೆ ಬಿಚ್ಚಬೇಕಿತ್ತು. ಕಾಲು ಮಡಿಸಬಾರದು, ಎಲ್ಲಿಗೂ ತಗುಲಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆಟೋದಲ್ಲಿ ಕಾಲು ನೀಡಲು ಜಾಗವಿಲ್ಲ. ಜೋರಾಗಿ ಬ್ರೇಕ್ ಒತ್ತುವ ಹಾಗಾದರೆ ಆ ಮಂಡಿಯ ಗತಿಯೇನು ಎಂಬುದೊಂದೇ ನನ್ನ ಚಿಂತೆ.

ನನಗೆ ಕಾರು ಕಲಿಸಿದವರು ಅವರೇ. ಆದ್ದರಿಂದ ಹಿಂದಿನಿಂದ ಪಾಠ ನಿಲ್ಲಲಿಲ್ಲ.

"ಇದೇನ್ ಸರೋಜಾ, ಮೆರವಣಿಗೆನಾ? ಸ್ವಲ್ಪ ಒತ್ತು."

"ಸುಮ್ನೆ ಕೂತ್ಕೊಳ್ರೀ" ಎಂದೆ. ಕೋಣನಕುಂಟೆ ಕ್ರಾಸಿನ ಸಿಗ್ನಲ್ ಸಲೀಸಾಗಿ ದಾಟಿದೆವು. ಸಿಗ್ನಲ್ ಇದ್ದಲ್ಲಿ ನನಗೆ ಭಯವಿಲ್ಲ, ಕೆಂಪು ಎಂದರೆ ಕೆಂಪು. ಭಯವೆಲ್ಲ ಜೆ.ಪಿ. ನಗರದ ಒಳಗಿನ, ಸಿಗ್ನಲ್ ಇಲ್ಲದ ಕೂಡುರಸ್ತೆಗಳದ್ದು.

ಏಳನೇ ಹಂತದ ಅಂಥದೊಂದು ಕೂಡುರಸ್ತೆಯಲ್ಲಿ ನೇರ ಹೋಗಬೇಕಿತ್ತು. ಯಜಮಾನರು ಕಲಿಸಿದಂತೆ ನಾಲ್ಕೂ ಇಂಡಿಕೇಟರ್ ಹಾಕಿ ಮುಂದೆ ಸಾಗಿದೆ. ಎಡಗಡೆಯ ರಸ್ತೆಯಿಂದ ಆಟೋ ಒಂದು ನೇರ ನನ್ನ ಮುಂದಕ್ಕೇ ನುಗ್ಗಿತು. ಬ್ರೇಕ್ ಒತ್ತಿದೆ. ಹಿಂದೆ "ಅಯ್ಯೋ!" ಎಂದು ಕೇಳಿಸಿತು. ಎರಡೂ ಗಾಡಿಗಳ ನಡುವೆ ಒಂದು ಗೇಣು ಉಳಿದಿತ್ತು.

ಆಟೋದವರು ಇಳಿದು ಬಂದರು. ಇನ್ನು ಬೈಗುಳವೇ ಎಂದುಕೊಂಡೆ. ಅವರು ಹಿಂದಿನ ಕಿಟಕಿಯಲ್ಲಿ ಬಗ್ಗಿ ನೋಡಿ, "ಕಾಲಿಗೇನಾದ್ರೂ ಆಯ್ತಾ ಸಾರ್?" ಎಂದರು.

"ಇಲ್ಲಪ್ಪ, ದಿಂಬು ಜಾರ್ತು ಅಷ್ಟೆ. ಹೆದರ್ಕೊಂಡೆ."

ಅವರು ಬಾಗಿಲು ತೆಗೆದು, ಹಸುಗೂಸನ್ನು ಎತ್ತುವ ಹಾಗೆ ಕಾಲನ್ನು ಎತ್ತಿ ದಿಂಬು ಸರಿಮಾಡಿದರು. ಆಮೇಲೆ ನನ್ನ ಕಡೆ ಬಂದರು.

"ಅಕ್ಕ, ನಿಮ್ ಎಡಗಡೆ ಇಂಡಿಕೇಟರ್ ಉರೀತಿತ್ತು. ನಮ್ ರೋಡಿಗೆ ತಿರುಗ್ತೀರ ಅಂದ್ಕೊಂಡು ಬಂದ್ಬಿಟ್ಟೆ."

"ನೇರ ಹೋಗೋಕೆ ಅಂತ ನಾಲ್ಕೂ ಹಾಕಿದ್ನಲ್ಲಣ್ಣ!"

"ನಾನ್ ನಿಂತಿದ್ದ ಕಡೆಯಿಂದ ಒಂದೇ ಕಾಣೋದು. ಗಾಡಿ ಕೆಟ್ಟು ನಿಂತಾಗ ಹಾಕೋದಕ್ಕ ಆ ನಾಲ್ಕು. ನೇರ ಹೋಗೋಕೆ ಏನೂ ಬೇಡ. ಬಲಗಡೆಯಿಂದ ಬರೋರಿಗೆ ನಾನೇ ಬಿಡ್ಬೇಕು, ಬಿಡ್ತಿದ್ದೆ. ತಿರುಗ್ತೀರ ಅಂದ್ಕೊಂಡ್ರೆ ಯಾಕ್ ನಿಲ್ಲಲಿ ಹೇಳಿ?"

"ತಪ್ಪು ಅವಳ್ದಲ್ಲಪ್ಪ, ನಂದು. ನಾನೇ ಹಂಗೆ ಹೇಳ್ಕೊಟ್ಟಿದ್ದು" ಎಂದರು ಯಜಮಾನರು. ನಮ್ಮ ಮನೆಯಲ್ಲಿ ಇಂಥ ಮಾತು ಅಪರೂಪ. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಆಟೋದವರು ರಸ್ತೆ ಮಧ್ಯೆ ನಿಂತು, ಎರಡೂ ಕಡೆ ಕೈ ಚಾಚಿ ಗಾಡಿಗಳನ್ನು ತಡೆದರು. "ನಿಧಾನಕ್ಕೆ ಹೋಗಿ ಅಕ್ಕ" ಎಂದರು. ಹೆಸರು ಕೇಳುವುದು ಹೊಳೆಯಲೇ ಇಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಪುಟ್ಟೇನಹಳ್ಳಿ ಹಾದು, ಬನ್ನೇರುಘಟ್ಟ ರಸ್ತೆಯ ದಟ್ಟಣೆಯಲ್ಲಿ ತೆವಳಿ, ಒಂಬತ್ತೂವರೆಗೆ ಅರೆಕೆರೆ ತಲುಪಿದೆವು. ಹೊಲಿಗೆ ಬಿಚ್ಚಿದ ಡಾಕ್ಟರು ಮಂಡಿ ಮುಟ್ಟಿ ನೋಡಿ, "ಚೆನ್ನಾಗಿ ಕೂಡ್ಕೊಳ್ತಿದೆ" ಎಂದಾಗ ನನ್ನ ಎದೆಯ ಭಾರ ಇಳಿಯಿತು. ಹತ್ತಿರದ ದರ್ಶಿನಿಯಿಂದ ಇಡ್ಲಿ ವಡೆ ಕಟ್ಟಿಸಿಕೊಂಡು ಕಾರಿನಲ್ಲೇ ತಿಂದೆವು. ಚಟ್ನಿಗೆ ಉಪ್ಪು ಜಾಸ್ತಿಯಾಗಿತ್ತು.

ವಾಪಸು ಬರುವಾಗ ಸಣ್ಣ ತುಂತುರು. ಒಂದು ಕೂಡುರಸ್ತೆಯಲ್ಲಿ ಬಲಗಡೆಯಿಂದ ಗಾಡಿಗಳು ಬರುತ್ತಿದ್ದವು. ಯಾವ ದೀಪವನ್ನೂ ಹಾಕದೆ ನಿಂತೆ. ಬೈಕಿನವನೊಬ್ಬ ಹಾರ್ನ್ ಒತ್ತಿ, "ನುಗ್ಗಿಸಿ ಆಂಟಿ!" ಎಂದ. ಹಿಂದಿನಿಂದಲೂ ಒಂದು ಮಾತು ಬರುತ್ತದೆಂದು ಕಾದೆ, ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಯಜಮಾನರು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಮೂವತ್ತು ವರ್ಷ ಅವರು ಓಡಿಸುವಾಗ ಪಕ್ಕದಲ್ಲಿ ನೆಮ್ಮದಿಯಾಗಿ ನಿದ್ದೆ ಹೊಡೆದವಳು ನಾನು. ಕೊನೆಯ ಸ್ಕೂಟರ್ ದಾಟುವವರೆಗೂ ನಿಂತಿದ್ದು, ಅವರಿಗೆ ಎಚ್ಚರವಾಗದಂತೆ ಮೆಲ್ಲಗೆ ಮುಂದೆ ಸಾಗಿದೆ.