ಬೀಗರೂಟದ ದಿನ ಮಾಸ್ಟಿಫ್‌ಗೆ ಕುಡಿಸಿದ ಎಣ್ಣೆ

ಕೋವಿಡ್ ಗದ್ದಲವೆಲ್ಲ ಮುಗಿದ ಮೇಲಿನ ಬೇಸಿಗೆ. ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ನಾನಾಗ ಪಶುವೈದ್ಯೆ, ನಿವೃತ್ತಿ ಹತ್ತಿರದಲ್ಲಿತ್ತು. ದಿನವಿಡೀ ಹಸು, ಎಮ್ಮೆ, ಕುರಿ. ಅವುಗಳ ನಡುವೆ ಒಬ್ಬನೇ ದೈತ್ಯ ಭೀಮ. ಇಂಗ್ಲಿಷ್ ಮಾಸ್ಟಿಫ್ ತಳಿಯ ಕಾವಲು ನಾಯಿ, ಎಪ್ಪತ್ತೆರಡು ಕೆಜಿ ತೂಕ. ಅವನಿಗಾದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಉರಿಯಲಿ, ಹೇಳಿಯೇಬಿಡುತ್ತೇನೆ.

ಅವನನ್ನು ಸಾಕಿದ್ದವರು ಕೊಬ್ಬರಿ ವ್ಯಾಪಾರಿ ಶಿವಣ್ಣ. ಗೋಡೌನ್ ಕಾಯಲಿ ಎಂದು ಮರಿ ತಂದಿದ್ದರು. ಮಾಸ್ಟಿಫ್ ಸುಮ್ಮಸುಮ್ಮನೆ ಬೊಗಳುವ ಜಾತಿಯಲ್ಲ. ಗುರುತಿಲ್ಲದವರು ಬಂದರೆ ದಾರಿಗೆ ಅಡ್ಡ ನಿಲ್ಲುತ್ತದೆ, ಅಷ್ಟೆ. ಬಂದವನು ಅಲ್ಲೇ ಬೆವರುತ್ತಾನೆ. ಮನೆಯವರ ಹತ್ತಿರ ಮಾತ್ರ ಹಸುಗೂಸು. ಆದರೆ ಆ ಮೈಯನ್ನು ಸಾಕುವುದು ಸುಲಭವಲ್ಲ. ಬಿಸಿಲು ತಡೆಯದು. ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಊಟ. ದಿನದ ಊಟವನ್ನು ಎರಡು ಮೂರು ಸಲಕ್ಕೆ ಹಂಚಿ ಹಾಕಬೇಕು, ಉಂಡ ಮೇಲೆ ಓಡಿಸಲೇಬಾರದು. ಎದೆ ಆಳವಾಗಿರುವ ಇಂಥ ನಾಯಿಗಳಲ್ಲಿ ತುಂಬಿದ ಜಠರ ಗಾಳಿ ಹಿಡಿದು ತಿರುಚಿಕೊಳ್ಳುತ್ತದೆ. ಇದಕ್ಕೆ ನಾವು ಜಿ.ಡಿ.ವಿ. ಎನ್ನುತ್ತೇವೆ. ಒಳಗಿನ ಗಾಳಿ ಮೇಲೂ ಬರದು, ಕೆಳಗೂ ಹೋಗದು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಿದಾಗ ಶಿವಣ್ಣ ಚೆನ್ನಾಗಿ ತಲೆಯಾಡಿಸಿದ್ದರು. ಪಾಲಿಸುತ್ತಿದ್ದವರು ಅವರ ಹೆಂಡತಿ ಜಯಮ್ಮ.

ಮಗಳ ಮದುವೆಯಾದ ಮೇಲೆ ಗಂಡಿನ ಕಡೆಯವರಿಗೆ ಶಿವಣ್ಣನವರ ಮನೆಯಲ್ಲಿ ಬೀಗರೂಟ. ಭರ್ಜರಿ ಬಾಡೂಟ. ಭೀಮ ಉಣ್ಣುವುದನ್ನು ಬೀಗರು ನೋಡಬೇಕು ಎಂಬ ಚಪಲ ಈ ಮಹಾನುಭಾವರಿಗೆ. ಅದಕ್ಕಾಗಿ ಬೆಳಗಿನಿಂದ ಅವನನ್ನು ಉಪವಾಸ ಕೆಡವಿದರು. "ಡಾಕ್ಟ್ರಮ್ಮ ಬ್ಯಾಡ ಅಂದವ್ರೆ ಕಣ್ರೀ" ಎಂದು ಜಯಮ್ಮ ಹೇಳಿದ್ದಕ್ಕೆ, "ನಿಂಗೇನೇ ಗೊತ್ತು, ಸುಮ್ಕಿರು" ಎಂದರಂತೆ. ಮಧ್ಯಾಹ್ನ ಒಂದು ಬಕೆಟ್ ಮುದ್ದೆ, ಬಾಡು, ಮೂಳೆ ಸುರಿದರು. ಹಸಿದ ನಾಯಿ ಗಬಗಬ ತಿಂದಿತು. ಬೀಗರು ಫೋನ್ ಹಿಡಿದು ವಿಡಿಯೋ ಮಾಡಿದರು. ಸಾಲದ್ದಕ್ಕೆ ತೆಂಗಿನಕಾಯಿ ಎಸೆದು ಅಂಗಳದ ತುಂಬ ಓಡಿಸಿದರು.

ಸ್ವಲ್ಪ ಹೊತ್ತಿಗೆ ಜಯಮ್ಮನ ಫೋನ್. "ಡಾಕ್ಟ್ರಮ್ಮಾ, ಭೀಮನ ಹೊಟ್ಟೆ ತಮಟೆ ಆಗೋಗದೆ. ಓಕರಿಸ್ತಾನೆ, ಏನೂ ಬರ್ತಿಲ್ಲ."

ಕೇಳಿದ ಕೂಡಲೇ ಗೊತ್ತಾಯಿತು. "ಬಾಯಿಗೆ ಒಂದು ತೊಟ್ಟೂ ಏನೂ ಹಾಕಬೇಡಿ. ಕಾರಿಗೆ ಹಾಕ್ಕೊಂಡು ಬನ್ನಿ, ಆಪರೇಷನ್‌ಗೆ ತುಮಕೂರಿಗೆ ಹೋಗೋಣ" ಎಂದೆ. ತುಮಕೂರಿನ ಶಸ್ತ್ರಚಿಕಿತ್ಸಕರಿಗೂ ಹೇಳಿ ನಮ್ಮ ಆಸ್ಪತ್ರೆಯ ಗೇಟಿನಲ್ಲಿ ನಿಂತೆ. ಕಾರು ಬರಲಿಲ್ಲ. ಸ್ಕೂಟರ್ ಹತ್ತಿ ನಾನೇ ಹೋದೆ.

ಕಾರು ಅಂಗಳದಲ್ಲೇ ಇತ್ತು. ಇಬ್ಬರು ಭೀಮನ ದವಡೆ ಎತ್ತಿ ಹಿಡಿದಿದ್ದರು. ಶಿವಣ್ಣ ಗೊಟ್ಟದಲ್ಲಿ ಕಡಲೆಕಾಯಿ ಎಣ್ಣೆ ಹುಯ್ಯುತ್ತಿದ್ದರು. ಗೊಟ್ಟವೆಂದರೆ ದನಕ್ಕೆ ಔಷಧ ಕುಡಿಸುವ ಬಿದಿರಿನ ಕೊಳವೆ. ಹೊಟ್ಟೆ ಉಬ್ಬಿದ ಹಸುವಿಗೆ ಎಣ್ಣೆ ಕುಡಿಸಿ ಅಡ್ಡಾಡಿಸುವುದು ನಮ್ಮ ಕಡೆ ಹಳೆಯ ರೂಢಿ, ಹಸುವಿಗೆ ಕೆಲವೊಮ್ಮೆ ಅದರಿಂದ ಗುಣವೂ ಆಗುತ್ತದೆ. ಆದರೆ ತಿರುಚಿದ ಜಠರದೊಳಕ್ಕೆ ಎಣ್ಣೆ ಇಳಿಯುವುದಾದರೂ ಹೇಗೆ? ಭೀಮ ಕೆಮ್ಮುತ್ತಿದ್ದ.

"ಬಿಡ್ರೀ ಅವನ್ನ! ಕೊಲ್ತಿದೀರಾ!" ಎಂದು ಕಿರುಚಿದೆ. ಬೀಗರ ಮುಂದೆ ಶಿವಣ್ಣನವರ ಮುಖ ಸಣ್ಣದಾಯಿತು. ಆಗಲಿ, ಯಾರಿಗೆ ಬೇಕಿತ್ತು ಅವರ ಮುಖ! ಬಲಪಕ್ಕೆಯ ಹಿಂದೆ ಕೂದಲು ಬೋಳಿಸಿ ದಪ್ಪ ಸೂಜಿ ಚುಚ್ಚಿದೆ. ಬುಸ್ಸೆಂದು ಗಾಳಿ ಬಂತು, ಭೀಮ ಉಸಿರೆಳೆದುಕೊಂಡ. ಇದು ತಾತ್ಕಾಲಿಕ, ತಕ್ಷಣ ಹೊರಡಬೇಕು ಎಂದೆ.

ಶಿವಣ್ಣ ತಲೆ ಕೆರೆದುಕೊಂಡರು. "ಕಾರಲ್ಲಿ ಬೀಗರನ್ನ ಬಿಟ್ಟು ಬರ್ಬೇಕಲ್ಲ ಡಾಕ್ಟ್ರಮ್ಮ. ಅವ್ರನ್ನ ಬಿಟ್ಟು ಬಂದ್‌ಬಿಡ್ತೀನಿ..."

ಅದಕ್ಕೆ ಉತ್ತರ ಕೊಟ್ಟವರು ಜಯಮ್ಮ. ಹೊಸ ಬೀಗರೆದುರು, ಗಂಡನ ಜೇಬಿನಿಂದಲೇ ಕೀ ಕಿತ್ತುಕೊಂಡು, "ಬೀಗರು ಬಸ್ಸಲ್ಲಿ ಹೋಗ್ಲಿ" ಎಂದರು. ಅಳಿಯನೇ ಎದ್ದು ಬಂದು ಕೀ ತೆಗೆದುಕೊಂಡು ಕಾರು ಓಡಿಸಿದ. ದಾರಿಯುದ್ದಕ್ಕೂ ಭೀಮನ ತಲೆ ಜಯಮ್ಮನ ರೇಷ್ಮೆ ಸೀರೆಯ ಮೇಲಿತ್ತು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಜಠರದ ತಿರುಚನ್ನು ಬಿಡಿಸಿ ಸರಿಪಡಿಸಿ, ಮತ್ತೆ ತಿರುಗದಂತೆ ಪಕ್ಕೆಗೆ ಹೊಲಿದರು. ಮರುದಿನ ಭೀಮ ಎದ್ದು ನಿಂತು ಜಯಮ್ಮನ ಕೈ ನೆಕ್ಕಿದ. ಆದರೆ ಅವನು ಕೆಮ್ಮುತ್ತಿದ್ದಾಗಲೇ ಶ್ವಾಸಕೋಶ ಸೇರಿದ್ದ ಎಣ್ಣೆಯನ್ನು ತೆಗೆಯುವ ವಿದ್ಯೆ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ನ್ಯುಮೋನಿಯಾ ಏರಿತು. ವಾರ ತುಂಬುವ ಮೊದಲೇ ಸತ್ತ.

"ಹೊಟ್ಟೆ ಸರಿಹೋಗಿತ್ತಲ್ಲ, ಮತ್ಯಾಕೆ ಹೋದ?" ಎಂದು ಶಿವಣ್ಣ ಕೇಳಿದರು.

"ನೀವು ಕುಡಿಸಿದ ಎಣ್ಣೆಗೆ ಸತ್ತ" ಎಂದೆ. ಮೆತ್ತಗೆ ಹೇಳಬಹುದಿತ್ತು, ಹೇಳಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರೊಬ್ಬರು, ಉಂಡವನೊಬ್ಬ.

ತಿಂಗಳು ಕಳೆದಿರಲಿಲ್ಲ, ಶಿವಣ್ಣ ಫೋನ್ ಮಾಡಿದರು. "ಡಾಕ್ಟ್ರಮ್ಮ, ಅದಕ್ಕಿಂತ ದೊಡ್ಡ ತಳಿ ಯಾವ್ದಾದ್ರೂ ಅದಾ?"

"ಫೋನು ಜಯಮ್ಮನಿಗೆ ಕೊಡಿ" ಎಂದೆ. ಅತ್ತ ಕಡೆ ಜಯಮ್ಮ ಫೋನು ತೆಗೆದುಕೊಳ್ಳಲೇ ಇಲ್ಲ. ಅವರ ದನಿ ಮಾತ್ರ ದೂರದಿಂದ ಕೇಳಿಸಿತು: "ತಂದ್ರೆ ನೀವೇ ಅನ್ನ ಹಾಕಿ. ನಾನಂತೂ ಹಾಕಾಕಿಲ್ಲ."

ಈಗ ಯಾರಾದರೂ ದೈತ್ಯ ತಳಿಯ ಮರಿ ತಂದು ನನ್ನ ಸಲಹೆ ಕೇಳಿದರೆ ಯಜಮಾನರ ಜೊತೆ ಮಾತೇ ಆಡುವುದಿಲ್ಲ. ಅದಕ್ಕೆ ಅನ್ನ ಹಾಕುವವರು ಯಾರೆಂದು ಕೇಳುತ್ತೇನೆ. ಅವರನ್ನು ಕರೆಸಿ ಕೂರಿಸಿಕೊಂಡು, ಯಜಮಾನರ ಎದುರಿಗೇ ಹೇಳುತ್ತೇನೆ: ಈ ನಾಯಿಯ ವಿಚಾರದಲ್ಲಿ ಈ ಮನೇಲಿ ನಿಮ್ಮ ಮಾತೇ ಕೊನೆ. ಯಜಮಾನರು ಅದಕ್ಕೆ ಒಪ್ಪದಿದ್ದರೆ, ಮರಿ ವಾಪಸ್ ಕೊಟ್ಟು ಬನ್ನಿ ಎಂದು ಎದ್ದುಬಿಡುತ್ತೇನೆ.